ಹಿಡಿಕೆ ತಿರುಗಿಸುವ ಮುಂಚೆ: ಇಂಗ್ಲೆಂಡಿನ ಹಳ್ಳಿ ಚರ್ಚ್‌ಗಳ ಬ್ಯಾರಲ್ ಆರ್ಗನ್ ನೋಡಲು ಹೋಗುವವರಿಗೆ

ಇಂಗ್ಲೆಂಡಿನ ಕೆಲವು ಹಳ್ಳಿ ಚರ್ಚ್‌ಗಳಲ್ಲಿ ಹಿಂದಿನ ಅಟ್ಟ ಹತ್ತಿದರೆ ಬೀರುವಿನಷ್ಟು ಎತ್ತರದ ಒಂದು ಮರದ ಪೆಟ್ಟಿಗೆ ಸಿಗುತ್ತದೆ. ಮುಂದೆ ಸಾಲಾಗಿ ಚಿನ್ನದ ಬಣ್ಣದ ಕೊಳವೆಗಳು. ಬಂದವರು ಫೋಟೋ ತೆಗೆದುಕೊಂಡು ಇಳಿದು ಹೋಗುತ್ತಾರೆ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಆಮೇಲೆ ಗೊತ್ತಾಯಿತು, ಆ ಚಿನ್ನದ ಕೊಳವೆಗಳು ಎಷ್ಟೋ ಕಡೆ ಸುಮ್ನೆ ಅಂದಕ್ಕೆ ಇಟ್ಟ ಮರದ ತುಂಡುಗಳು. ಉಸಿರೂ ಇಲ್ಲ, ದನಿಯೂ ಇಲ್ಲ. ನೋಡಬೇಕಾದದ್ದು ಒಳಗಿತ್ತು, ನಾನು ಬಾಗಿಲು ತೆಗೆಸದೆ ವಾಪಸ್ ಬಂದಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಓದುವವರು, ಕೆಲಸದಲ್ಲಿರುವವರು, ಮಗನ ಮನೆಗೆ ಮಗಳ ಮನೆಗೆ ಅಂತ ಬಂದು ಎರಡು ತಿಂಗಳು ಇರುವವರು ನಮ್ಮಲ್ಲಿ ಈಗ ಜಾಸ್ತಿ. ಲಂಡನ್ ಬ್ರಿಜ್, ದೊಡ್ಡ ಗಡಿಯಾರ ಎಲ್ಲ ಮುಗಿದ ಮೇಲೆ ಒಂದು ಶನಿವಾರ ಉಳಿದರೆ, ಹೀಗೆ ಮಾಡಿ ನೋಡಿ.

ಮೊದಲು, ಇದು ಏನು ಅಂತ

ಬೀದಿಯಲ್ಲಿ ಕೋತಿ ಕೂರಿಸಿಕೊಂಡು ತಿರುಗಿಸುವ ಪೆಟ್ಟಿಗೆಯನ್ನು ಹಳೇ ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದರ ದೊಡ್ಡಣ್ಣ ಇದು, ಸ್ವಲ್ಪ ಮರ್ಯಾದಸ್ಥ ದೊಡ್ಡಣ್ಣ. ಒಳಗೆ ಅಡ್ಡಲಾಗಿ ಒಂದು ಮರದ ಉರುಳೆ ಮಲಗಿರುತ್ತದೆ. ಅದೇ ಬ್ಯಾರಲ್. ಅದರ ಮೈತುಂಬ ಹಿತ್ತಾಳೆಯ ಸಣ್ಣ ಮೊಳೆಗಳು, ಸಾವಿರಗಟ್ಟಲೆ. ಚಿಕ್ಕ ಸ್ವರಕ್ಕೆ ಒಂದು ಮೊಳೆ. ಉದ್ದ ಸ್ವರಕ್ಕೆ ಸೇತುವೆಯಂತೆ ಬಗ್ಗಿಸಿದ ಚಪ್ಪಟೆ ತಂತಿ, ಸ್ವರ ಎಷ್ಟು ಉದ್ದವೋ ಸೇತುವೆ ಅಷ್ಟು ಉದ್ದ. ಉರುಳೆ ತಿರುಗಿದಾಗ ಮೊಳೆ ಬಂದು ಮೇಲಿರುವ ಕೀಲಿಯ (ಬೀಗದ ಕೀಲಿಯಲ್ಲ, ಸನ್ನೆಯಂತೆ ಏಳುವ ಪುಟ್ಟ ಪಟ್ಟಿ) ಮೂತಿಯನ್ನು ಎತ್ತುತ್ತದೆ. ಕೀಲಿಯ ಇನ್ನೊಂದು ತುದಿ ಒಂದು ಕಡ್ಡಿಯನ್ನು ಒತ್ತುತ್ತದೆ, ಕಡ್ಡಿ ಗಾಳಿಪೆಟ್ಟಿಗೆಯ ಪುಟ್ಟ ಮುಚ್ಚಳ ತೆರೆಯುತ್ತದೆ, ಕೊಳವೆ ಹಾಡುತ್ತದೆ. ಮೊಳೆ ದಾಟಿತು, ಮುಚ್ಚಳ ಬಿತ್ತು, ಸ್ವರ ನಿಂತಿತು. ಇಷ್ಟೇ.

ಇದೇ ಹಿಡಿಕೆ ಕೆಳಗಿನ ತಿದಿಯನ್ನೂ ಊದುತ್ತದೆ. ಅಂದರೆ ಒಬ್ಬನೇ ಮನುಷ್ಯ, ಒಂದೇ ಕೈ, ಗಾಳಿಯೂ ಅವನದೇ ತಾಳವೂ ಅವನದೇ. ಸಂಗೀತ ಮಾತ್ರ ಅವನದಲ್ಲ, ಅದು ಮೊಳೆ ಹೊಡೆದವನದು.

ಒಂದು ಉರುಳೆಯಲ್ಲಿ ಸಾಮಾನ್ಯವಾಗಿ 10 ಅಥವಾ 12 ಹಾಡಿನ ಧಾಟಿಗಳು ಇರುತ್ತವೆ. ಹೇಗೆ ಅಂತ ನನಗೆ ಬಹಳ ದಿನ ಅರ್ಥ ಆಗಿರಲಿಲ್ಲ. ಎರಡು ಕೀಲಿಗಳ ನಡುವೆ ಇರುವ ಬೆರಳಗಲದ ಜಾಗದಲ್ಲೇ ಹನ್ನೆರಡು ಧಾಟಿಗಳ ಹನ್ನೆರಡು ಸಾಲು ಮೊಳೆಗಳು ಒತ್ತೊತ್ತಾಗಿ ಕೂತಿರುತ್ತವೆ. ಉರುಳೆಯನ್ನು ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದರೆ ಹಳೇ ಧಾಟಿಯ ಮೊಳೆಗಳೆಲ್ಲ ಕೀಲಿಯಿಂದ ತಪ್ಪಿಕೊಳ್ಳುತ್ತವೆ, ಮುಂದಿನದರ ಮೊಳೆಗಳು ನೇರಕ್ಕೆ ಬರುತ್ತವೆ. ಉರುಳೆ ಪೂರ್ತಿ ಒಂದು ಸುತ್ತು ಬಂದರೆ ಒಂದು ಚರಣ. ಇನ್ನೊಂದು ಸುತ್ತು, ಇನ್ನೊಂದು ಚರಣ.

ಇದು ಚರ್ಚ್‌ಗೆ ಬಂದದ್ದೇಕೆ ಅನ್ನುವುದು ಸ್ವಲ್ಪ ತಮಾಷೆಯ ಕಥೆ. 1644ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಚರ್ಚ್‌ಗಳಿಂದ ಆರ್ಗನ್‌ಗಳನ್ನು ಕಿತ್ತುಹಾಕಿ ಅಂತ ಆಜ್ಞೆ ಹೊರಡಿಸಿತು. ದೊಡ್ಡ ಊರುಗಳಿಗೆ ಮುಂದೆ ಆರ್ಗನ್ ವಾಪಸ್ ಬಂತು, ಹಳ್ಳಿಗಳಿಗೆ ಬರಲಿಲ್ಲ. ಆಮೇಲೆ 18ನೇ ಶತಮಾನದ ಮಧ್ಯದಿಂದ ಹಳ್ಳಿಯವರೇ ಅಟ್ಟದ ಮೇಲೆ ಮೇಳ ಕಟ್ಟಿಕೊಂಡರು. ಪಿಟೀಲು, ಕ್ಲಾರಿನೆಟ್, ಬಸೂನ್, ಚೆಲ್ಲೋ, ಜೊತೆಗೆ ನಾಲ್ಕಾರು ಹಾಡುಗಾರರು. ನಮ್ಮ ಭಜನಾ ಮಂಡಳಿ ಹಾಗೇ ಅನ್ನಿ, ಅದೇ ಹುರುಪು, ಅದೇ ಜಗಳ, ಮುಖ್ಯಗಾಯಕ ಮುನಿಸಿಕೊಂಡರೆ ಆ ವಾರ ಹಾಡೇ ಇಲ್ಲ. ಪಾದ್ರಿಗಳಿಗೆ ಈ ಮೇಳದವರ ಸ್ವತಂತ್ರ ಬುದ್ಧಿ ಹಿಡಿಸುತ್ತಿರಲಿಲ್ಲ. ಕುಡಿಯದ, ಮುನಿಸಿಕೊಳ್ಳದ, ಸಂಬಳ ಕೇಳದ ಒಬ್ಬ ಸಂಗೀತಗಾರ ಬೇಕಿತ್ತು. ಹಾಗಾಗಿ ಸುಮಾರು 1790ರಿಂದ 1860ರವರೆಗೆ ಊರಿನ ಜಮೀನುದಾರರೋ ಪಾದ್ರಿಯೋ ದುಡ್ಡು ಹಾಕಿ ಲಂಡನ್‌ನಿಂದ ಈ ಪೆಟ್ಟಿಗೆ ತರಿಸಿದರು. ಬ್ರೈಸನ್, ಫ್ಲೈಟ್, ಗ್ರೇ, ಬಿಷಪ್, ವಾಕರ್, ಇವು ಆಗಿನ ತಯಾರಕರ ಹೆಸರುಗಳು. ಪೆಟ್ಟಿಗೆಯ ಮೇಲೆ ಹೆಸರಿನ ಫಲಕ ಇದ್ದರೆ ಇಂಥದ್ದೇ ಒಂದು ಕಾಣುತ್ತದೆ.

ಮೊಳೆ ಹೊಡೆದದ್ದನ್ನು ಮಾತ್ರ ಹಾಡಬಲ್ಲ ಪೆಟ್ಟಿಗೆಗೆ ಆಯಸ್ಸು ಕಡಿಮೆ. 1861ರ ಹೊತ್ತಿಗೆ ಹೊಸ ಹಾಡಿನ ಪುಸ್ತಕ ಬಂತು, ಜನ ಹೊಸ ಧಾಟಿ ಕೇಳಿದರು, ಉರುಳೆಯಲ್ಲಿ ಅದಿರಲಿಲ್ಲ. ಹಾರ್ಮೋನಿಯಂ ಬಂದು ಇದನ್ನು ಮೂಲೆಗೆ ತಳ್ಳಿತು. ಹೌದು, ಪ್ಯಾರಿಸ್‌ನಲ್ಲಿ ಡೆಬೇನ್ ಎಂಬಾತ 1842ರಲ್ಲಿ ಪೇಟೆಂಟ್ ಪಡೆದ ಅದೇ ಹಾರ್ಮೋನಿಯಂ. ಮುಂದೆ ಹಡಗು ಹತ್ತಿ ನಮ್ಮ ಕಡೆ ಬಂದು, ನಾಟಕ ಕಂಪನಿಗಳಲ್ಲಿ ಕಾಲಲ್ಲಿ ತುಳಿಯುವ ಪೆಟ್ಟಿಗೆಯಾಗಿ, ಭಜನೆಯಲ್ಲಿ ಕೈಪೆಟ್ಟಿಗೆಯಾಗಿ ಕೂತದ್ದು. ಅಲ್ಲಿ ಬ್ಯಾರಲ್ ಆರ್ಗನ್‌ನ ಅನ್ನ ಕಿತ್ತುಕೊಂಡವನೇ ಇಲ್ಲಿ ನಮ್ಮ ಮನೆಮಗ.

ಎಲ್ಲಿದೆ ಅಂತ ಹುಡುಕುವುದು

ಸುಮ್ನೆ ಹಳ್ಳಿ ಹಳ್ಳಿ ಅಲೆದರೆ ಸಿಗುವುದಿಲ್ಲ. ಹೆಚ್ಚಿನವು ಹೋಗಿಬಿಟ್ಟಿವೆ. ಕೆಲವನ್ನು ಸೌದೆ ಮಾಡಿದರು, ಕೆಲವಕ್ಕೆ ಕೀಲಿಮಣೆ ಜೋಡಿಸಿ ಮಾಮೂಲಿ ಆರ್ಗನ್ ಮಾಡಿಕೊಂಡರು. ಉಳಿದವನ್ನು ಹುಡುಕಲು ನ್ಯಾಷನಲ್ ಪೈಪ್ ಆರ್ಗನ್ ರಿಜಿಸ್ಟರ್ ಅಂತ ಒಂದು ಆನ್‌ಲೈನ್ ದಾಖಲೆ ಇದೆ, ಊರಿನ ಹೆಸರು ಹಾಕಿ ನೋಡಬಹುದು. ಆದರೆ ಅಲ್ಲಿ ಇರುವುದು ಯಾವುದೋ ಕಾಲದಲ್ಲಿ ಯಾರೋ ನೋಡಿ ಬರೆದದ್ದು. ಪೆಟ್ಟಿಗೆ ಇವತ್ತೂ ಹಾಡುತ್ತದೆ ಅಂತ ಅರ್ಥ ಅಲ್ಲ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಮೂರು ಊರು.

ಒಂದು, ಸಸೆಕ್ಸ್‌ನ ಬ್ರೈಟ್ಲಿಂಗ್. ಇಲ್ಲಿನ ಆರ್ಗನ್ 1820ರದ್ದು, ನಿಕೋಲ್ಸ್ ಎಂಬಾತ ಮಾಡಿದ್ದು, ಎರಡು ಉರುಳೆ, ಒಂದೊಂದರಲ್ಲಿ 12 ಧಾಟಿ. ಇಂಗ್ಲೆಂಡಿನಲ್ಲಿ ಹಾಡುವ ಸ್ಥಿತಿಯಲ್ಲಿರುವ ಚರ್ಚ್ ಬ್ಯಾರಲ್ ಆರ್ಗನ್‌ಗಳಲ್ಲೇ ದೊಡ್ಡದು ಅಂತ ಇದಕ್ಕೆ ಹೆಸರು. ಕೊಡಿಸಿದವನು ಜಾನ್ ಫುಲ್ಲರ್, ಊರವರ ಬಾಯಲ್ಲಿ ಹುಚ್ಚು ಜ್ಯಾಕ್. ಪಾರ್ಲಿಮೆಂಟಿನ ಸದಸ್ಯನಾಗಿದ್ದವನು. ಹಾಡುವ ಗಂಡಸರಿಗೆ ಬಿಳಿ ನಿಲುವಂಗಿ, ಹಳದಿ ಕಾಲುಚೀಲ, ಹೆಣ್ಣುಮಕ್ಕಳಿಗೆ ಕೆಂಪು ಹೊದಿಕೆ ಕೂಡ ಅವನೇ ಹೊಲಿಸಿದ ಅನ್ನುತ್ತಾರೆ. ತನ್ನ ಸಮಾಧಿಗೆ ಬದುಕಿರುವಾಗಲೇ ಚರ್ಚ್ ಅಂಗಳದಲ್ಲಿ ಒಂದು ಪಿರಮಿಡ್ ಕಟ್ಟಿಸಿಕೊಂಡ, ಅದು ಈಗಲೂ ಇದೆ. ಇಷ್ಟು ಓದಿ ಎಂಥ ರಸಿಕ ಅಂದುಕೊಳ್ಳುವ ಮುಂಚೆ ಇನ್ನೊಂದು ವಿಷಯ: ಆ ದುಡ್ಡು ಬಂದದ್ದರಲ್ಲಿ ಜಮೈಕಾದ ಗುಲಾಮರ ತೋಟಗಳ ಪಾಲಿದೆ, ಗುಲಾಮಗಿರಿ ತೆಗೆಯಬಾರದು ಅಂತ ಪಾರ್ಲಿಮೆಂಟಿನಲ್ಲಿ ವಾದಿಸಿದವನೂ ಇವನೇ. ಅಟ್ಟದ ಮೇಲೆ ಆರ್ಗನ್ ಕೇಳುವಾಗ ನನಗೆ ಅದು ನೆನಪಾಗದೆ ಇರಲಿಲ್ಲ. ಲಂಡನ್‌ನ ಚೇರಿಂಗ್ ಕ್ರಾಸ್‌ನಿಂದ ಹೇಸ್ಟಿಂಗ್ಸ್ ಕಡೆ ಹೋಗುವ ರೈಲಿನಲ್ಲಿ ರಾಬರ್ಟ್ಸ್‌ಬ್ರಿಜ್‌ನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬಹುದು. ಟ್ಯಾಕ್ಸಿಯನ್ನು ಮೊದಲೇ ಹೇಳಿಡಿ, ಸ್ಟೇಷನ್ ಹೊರಗೆ ನಿಮಗಾಗಿ ಯಾರೂ ಕಾಯುತ್ತಿರುವುದಿಲ್ಲ.

ಎರಡು, ಸಫೋಕ್‌ನ ಶೆಲ್ಲಂಡ್. ತೀರಾ ಸಣ್ಣ ಊರು, ಸಣ್ಣ ಚರ್ಚ್, 1649ರಲ್ಲಿ ತಲೆ ಕಳೆದುಕೊಂಡ ರಾಜ ಒಂದನೇ ಚಾರ್ಲ್ಸ್‌ನ ಹೆಸರಿನಲ್ಲಿರುವ ಕೆಲವೇ ಚರ್ಚ್‌ಗಳಲ್ಲಿ ಒಂದು. ಬ್ರೈಸನ್ ಮಾಡಿದ ಆರ್ಗನ್, ಮೂರು ಉರುಳೆ, ತಲಾ 12 ಧಾಟಿ, ಒಟ್ಟು 36. ನನ್ನನ್ನು ಕೇಳಿದರೆ ಮೂರರಲ್ಲಿ ಇದೇ ಚೆನ್ನ. ಯಾಕೆಂದರೆ ಇದು ಮ್ಯೂಸಿಯಂ ವಸ್ತುವಾಗಲಿಲ್ಲ, ಆರಾಧನೆಯಲ್ಲೇ ಹಾಡುತ್ತ ಉಳಿದುಕೊಂಡಿತು. ಸುತ್ತ ಬಾಗಿಲಿರುವ ಹಳೇ ಮರದ ಆಸನಗಳೂ ಹಾಗೇ ಇವೆ. ಲಂಡನ್ ಲಿವರ್‌ಪೂಲ್ ಸ್ಟ್ರೀಟ್‌ನಿಂದ ಸ್ಟೋಮಾರ್ಕೆಟ್‌ಗೆ ರೈಲು, ಅಲ್ಲಿಂದ ಟ್ಯಾಕ್ಸಿ.

ಮೂರು, ಸಾಮರ್‌ಸೆಟ್‌ನ ಮಚೆಲ್ನಿ. ಗ್ರೇ ಅಂಡ್ ಡೇವಿಸನ್ ಕಂಪನಿಯ ಆರ್ಗನ್, 1840ರ ಆಸುಪಾಸಿನದ್ದು. ತಲೆ ಎತ್ತಿದರೆ ಮರದ ಸೂರಿನ ತುಂಬ 17ನೇ ಶತಮಾನದವರು ಬರೆದ ದೇವದೂತರ ಚಿತ್ರ, ಎದೆ ಮುಚ್ಚದ ದೇವದೂತರು. ಚರ್ಚ್‌ನಲ್ಲಿ ಇದೇನಪ್ಪ ಅಂತ ನನ್ನ ಜೊತೆ ಬಂದಿದ್ದ ಅತ್ತೆ ಆರ್ಗನ್ ಕಡೆ ತಿರುಗಿಯೂ ನೋಡಲಿಲ್ಲ. ಚಳಿಗಾಲದ ಮಳೆಯಲ್ಲಿ ಹೋಗಬೇಡಿ. ಊರಿನ ಹೆಸರಿನ ಅರ್ಥವೇ ದೊಡ್ಡ ದ್ವೀಪ, 2014ರ ಪ್ರವಾಹದಲ್ಲಿ ನಿಜವಾಗಿಯೂ ದ್ವೀಪವಾಗಿ ದೋಣಿಯಲ್ಲಿ ಓಡಾಡಿದ್ದರು.

ನಾರ್ಫೋಕ್‌ನ ವುಡ್ ರೈಸಿಂಗ್, ಹ್ಯಾಂಪ್‌ಶೈರ್‌ನ ಆವಿಂಗ್ಟನ್, ಇವೂ ಇವೆ. ಮೊದಲ ಮೂರು ಹಿಡಿಸಿದರೆ ಅವಕ್ಕೆ ಹೋಗಿ.

ಕೀಲಿ ಇರುವವರನ್ನು ಹಿಡಿಯುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಜನ ಬಿಡುವುದೂ ಇದನ್ನೇ. ಒಂದು ಹಳ್ಳಿಗೆ (ಹೆಸರು ಬೇಡ) ನಾನು ಎರಡು ರೈಲು, ಒಂದು ಬಸ್ಸು ಹಿಡಿದು, ಕೊನೆಯ ಮೂರು ಕಿಲೋಮೀಟರ್ ಕೆಸರಲ್ಲಿ ನಡೆದು ಹೋಗಿದ್ದೆ. ಚರ್ಚ್ ಬಾಗಿಲು ತೆರೆದಿತ್ತು. ಅಟ್ಟಕ್ಕೆ ಬೀಗ. ಕೀಲಿ ಇದ್ದ ಅಜ್ಜಿ ಮಗಳ ಮನೆಗೆ ಹೋಗಿದ್ದರು.

ಚರ್ಚ್‌ನ ವೆಬ್ ಪುಟದಲ್ಲಿ ಚರ್ಚ್‌ವಾರ್ಡನ್ ಅಂತ ಒಬ್ಬರ ಸಂಪರ್ಕ ಇರುತ್ತದೆ. ನಮ್ಮಲ್ಲಿ ದೇವಸ್ಥಾನದ ಮೊಕ್ತೇಸರರು ಇರುತ್ತಾರಲ್ಲ, ಆ ಥರ. ಪಾದ್ರಿಗೆ ಬರೆಯುವುದಕ್ಕಿಂತ ಇವರಿಗೆ ಬರೆಯುವುದು ಮೇಲು. ಒಬ್ಬ ಪಾದ್ರಿ ಐದಾರು ಹಳ್ಳಿ ನೋಡಿಕೊಳ್ಳುತ್ತಿರುತ್ತಾರೆ, ಮೇಲ್ ನೋಡಲು ಪುರುಸೊತ್ತು ಇರುವುದಿಲ್ಲ. ಎರಡು ಮೂರು ವಾರ ಮುಂಚೆಯೇ ಬರೆಯಿರಿ. ನಾಲ್ಕು ಸಾಲು ಸಾಕು: ನೀವು ಯಾರು, ಯಾವ ದಿನ ಬರುತ್ತೀರಿ, ಎಷ್ಟು ಜನ, ಒಳಗಿನ ಉರುಳೆ ನೋಡಬೇಕು ಅಂತ ಆಸೆ ಇದೆ, ತಿರುಗಿಸಿ ತೋರಿಸಲು ಯಾರಾದರೂ ಇರುತ್ತಾರಾ ಅಂತ. "ನಾನು ತಿರುಗಿಸಬಹುದಾ" ಅಂತ ಮೇಲ್‌ನಲ್ಲೇ ಕೇಳಬೇಡಿ. ಅದು ಎದುರು ನಿಂತಾಗ ಕೇಳುವ ಪ್ರಶ್ನೆ. ಮುಖ ನೋಡಿದ ಮೇಲೆ ಹೂಂ ಅನ್ನುವವರು, ಮೇಲ್‌ನಲ್ಲಿ ಊಹೂಂ ಅಂದುಬಿಡುತ್ತಾರೆ.

ಇನ್ನೊಂದು ದಾರಿ, ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಬರುವ ಹೆರಿಟೇಜ್ ಓಪನ್ ಡೇಸ್. ಹಳೇ ಕಟ್ಟಡಗಳನ್ನು ಪುಕ್ಕಟೆಯಾಗಿ ತೆರೆದಿಡುತ್ತಾರೆ. ಹಳ್ಳಿ ಚರ್ಚ್‌ಗಳೂ ಎಷ್ಟೋ ಸೇರಿಕೊಳ್ಳುತ್ತವೆ. ನೀವು ಆರಿಸಿಕೊಂಡ ಊರು ಆ ಪಟ್ಟಿಯಲ್ಲಿ ಇದೆಯಾ ನೋಡಿ.

ಭಾನುವಾರದ ಆರಾಧನೆಗೇ ಹೋಗುವುದಾದರೆ, ಅದು ಪ್ರತಿ ವಾರ ಇರುತ್ತದೆ ಅಂದುಕೊಳ್ಳಬೇಡಿ. ಸಣ್ಣ ಊರುಗಳಲ್ಲಿ ತಿಂಗಳಿಗೆ ಒಂದೋ ಎರಡೋ. ಬೇರೆ ಧರ್ಮದವರು ಅಂತ ಹಿಂಜರಿಯಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಎಲ್ಲರೂ ಎದ್ದಾಗ ಎದ್ದರೆ ಸಾಕು. ಮುಗಿದ ಮೇಲೆ ಟೀ ಬಿಸ್ಕತ್ತು ಕೊಡುತ್ತಾರೆ, ಅಟ್ಟದ ಕೀಲಿ ಯಾರ ಹತ್ತಿರ ಇದೆ ಅಂತ ಪತ್ತೆಯಾಗುವುದೂ ಆ ಟೀ ಹೊತ್ತಿನಲ್ಲೇ.

ಪೆಟ್ಟಿಗೆಯ ಮುಂದೆ ನಿಂತಾಗ

ಮುಂದಿನ ಕೊಳವೆ ಆಮೇಲೆ. ಮೊದಲು ಕೆಳಗಿನ ಅಥವಾ ಹಿಂದಿನ ಬಾಗಿಲು ತೆಗೆದು ತೋರಿಸಿ ಅಂತ ಕೇಳಿ. ಟಾರ್ಚ್ ತೆಗೆದುಕೊಂಡು ಹೋಗಿ, ಫೋನಿನ ಬೆಳಕು ತುಂಬ ಚೆಲ್ಲಾಪಿಲ್ಲಿ. ಸಣ್ಣ ಟಾರ್ಚನ್ನು ಉರುಳೆಗೆ ಪಕ್ಕದಿಂದ, ಹೆಚ್ಚು ಕಡಿಮೆ ಅಡ್ಡಡ್ಡವಾಗಿ ಹಿಡಿದರೆ ಪ್ರತಿ ಮೊಳೆಗೂ ಒಂದು ಉದ್ದ ನೆರಳು ಬೀಳುತ್ತದೆ. ಆಗ ಹಾಡು ಕಾಣುತ್ತದೆ. ನಿಜವಾಗಿ ಹೇಳುತ್ತಿದ್ದೇನೆ. ಉದ್ದ ಸೇತುವೆ, ಉದ್ದ ಸೇತುವೆ, ಆಮೇಲೆ ಇರುವೆ ಸಾಲಿನಂತೆ ಎರಡು ಸಾಲಿನಲ್ಲಿ ಅತ್ತ ಇತ್ತ ಒತ್ತೊತ್ತಾಗಿ ಪುಟ್ಟ ಮೊಳೆಗಳು ಕಂಡರೆ, ಅಲ್ಲಿ ಸ್ವರ ನಡುಗುತ್ತದೆ. ಪಾಶ್ಚಾತ್ಯರ ಟ್ರಿಲ್ ಅದು, ಎರಡು ಪಕ್ಕದ ಸ್ವರಗಳ ಬೇಗ ಬೇಗನೆ ಓಡಾಟ. ಇನ್ನೂರು ವರ್ಷದ ಹಿಂದೆ ಮೇಣದಬತ್ತಿ ಬೆಳಕಿನಲ್ಲಿ ಯಾರೋ ಸುತ್ತಿಗೆ ಹಿಡಿದು ಕೂತು ಈ ಗಮಕವನ್ನು ಹೊಡೆದಿದ್ದಾನೆ.

ನೋಡಿ, ಮುಟ್ಟಬೇಡಿ. ಬೆರಳಿನ ಬೆವರು ಹಿತ್ತಾಳೆಗೆ ಒಳ್ಳೆಯದಲ್ಲ, ಬಗ್ಗಿದ ಒಂದು ಮೊಳೆ ಅಂದರೆ ಹಾಡಿನಲ್ಲಿ ಬಿದ್ದುಹೋದ ಒಂದು ಸ್ವರ.

ಬಾಗಿಲಿನ ಒಳಮೈಯಲ್ಲಿ ಹಳೇ ಕಾಗದ ಅಂಟಿಸಿದ್ದಾರಾ ನೋಡಿ. ಧಾಟಿಗಳ ಪಟ್ಟಿ ಅದು, 1ರಿಂದ 10 ಅಥವಾ 12ರವರೆಗೆ ಅಂಕಿ ಹಾಕಿ, ಮುಂದೆ ಹೆಸರು. ಓಲ್ಡ್ ಹಂಡ್ರೆಡ್ತ್, ಹ್ಯಾನೋವರ್, ಸೇಂಟ್ ಆ್ಯನ್ಸ್, ಬೆಡ್‌ಫರ್ಡ್, ವೇರ್‌ಹ್ಯಾಮ್, ಈಸ್ಟರ್ ಹಿಮ್, ಇಂಥವು. ಓಲ್ಡ್ ಹಂಡ್ರೆಡ್ತ್ ಅಂದರೆ ಹಳೇ ನೂರನೆಯದು, ಕನ್ನಡ ಬೈಬಲ್‌ನಲ್ಲಿ ಕೀರ್ತನೆಗಳು ಅಂತ ಇದೆಯಲ್ಲ, ಅದರಲ್ಲಿ 100ನೆಯದನ್ನು ಹಾಡುವ ಧಾಟಿ.

ಬರೀ 24 ಧಾಟಿ ಇಟ್ಟುಕೊಂಡು 150 ಕೀರ್ತನೆ ಹೇಗೆ ಹಾಡುತ್ತಿದ್ದರು ಅಂತ ನಿಮಗೆ ಅನ್ನಿಸಬಹುದು. ಅಲ್ಲೂ ಛಂದಸ್ಸಿನ ಲೆಕ್ಕ. ಕೀರ್ತನೆಗಳನ್ನು ಪದ್ಯವಾಗಿ ತಿರುಗಿಸುವಾಗ ಕೆಲವೇ ಅಳತೆಗೆ ಹೊಂದಿಸಿದ್ದರು. 8-6-8-6 ಉಚ್ಚಾರಾಂಶಗಳ ನಾಲ್ಕು ಸಾಲು ಒಂದು ಬಗೆ, 8-8-8-8 ಇನ್ನೊಂದು, 6-6-8-6 ಮತ್ತೊಂದು. ಒಂದೇ ಅಳತೆಯ ಯಾವ ಪದ್ಯವನ್ನಾದರೂ ಒಂದೇ ಧಾಟಿಯಲ್ಲಿ ಹಾಡಬಹುದು, ನಮ್ಮ ಗಮಕಿಗಳು ಭಾಮಿನಿ ಷಟ್ಪದಿಯ ಯಾವ ಪದ್ಯ ಸಿಕ್ಕರೂ ಹಿಡಿದ ಧಾಟಿಯಲ್ಲೇ ಎತ್ತಿಕೊಳ್ಳುವ ಹಾಗೆ. ಪಟ್ಟಿಯಲ್ಲಿ ಹೆಸರಿನ ಪಕ್ಕ ಸಿ.ಎಂ., ಎಲ್.ಎಂ., ಎಸ್.ಎಂ. ಅಂತ ಇದ್ದರೆ ಅದು ಇದೇ ಕ್ರಮದಲ್ಲಿ ಈ ಮೂರು ಅಳತೆಗಳ ಗುರುತು.

ಈಗ ಮೇಲೆ ನೋಡಿ. ಪಕ್ಕದಲ್ಲಿ ಎಳೆಯುವ ಗುಂಡಿಗಳು ನಾಲ್ಕೋ ಆರೋ ಇರುತ್ತವೆ, ಇವೇ ಸ್ಟಾಪ್‌ಗಳು. ಒಂದೊಂದು ಗುಂಡಿ ಒಂದೊಂದು ಸಾಲು ಕೊಳವೆಗಳಿಗೆ ಗಾಳಿ ಬಿಡುತ್ತದೆ. ಡಯಾಪೇಸನ್ ಅಂತ ಬರೆದದ್ದು ತಳಹದಿಯ ದನಿ. ಪ್ರಿನ್ಸಿಪಲ್ ಅದಕ್ಕಿಂತ ಒಂದು ಸ್ಥಾಯಿ ಮೇಲೆ, ಫಿಫ್ಟೀಂತ್ ಎರಡು ಸ್ಥಾಯಿ ಮೇಲೆ.

ತಿರುಗಿಸಲು ಕೊಟ್ಟರೆ

ಕೊಟ್ಟರೆ ಅಂತ ಹೇಳುತ್ತಿದ್ದೇನೆ. ಕೊಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ, ಅವರೂ ಇದನ್ನು ಇನ್ನೊಂದು ನೂರು ವರ್ಷ ಉಳಿಸಬೇಕು.

ಧಾಟಿ ಬದಲಿಸುವ ಕೆಲಸ ಅವರಿಗೇ ಬಿಡಿ. ಯಾಕೆ ಅಂತ ತಿಳಿದಿರಲಿ: ಉರುಳೆ ಪಕ್ಕಕ್ಕೆ ಸರಿಯುವ ಮುಂಚೆ ಕೀಲಿಗಳ ಚೌಕಟ್ಟನ್ನು ಮೇಲೆತ್ತಬೇಕು. ಎತ್ತದೆ ಸರಿಸಿದರೆ ಕೀಲಿಗಳ ಮೂತಿ ಮೊಳೆಗಳನ್ನು ಅಡ್ಡಕ್ಕೆ ಬಗ್ಗಿಸಿಕೊಂಡು ಹೋಗುತ್ತದೆ. ಒಂದು ಸೆಕೆಂಡಿನ ಅವಸರ, ರಿಪೇರಿಗೆ ತಿಂಗಳುಗಟ್ಟಲೆ. ಹಾಗೇ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಲೇಬಾರದು. ಯಾವ ದಿಕ್ಕು ಅಂತ ಮೊದಲೇ ಕೇಳಿಕೊಳ್ಳಿ, ನಾಚಿಕೆ ಬೇಡ.

ಇನ್ನು ತಿರುಗಿಸುವುದು. ಎಲ್ಲರೂ ಮಾಡುವ ತಪ್ಪು ಬೇಗ ತಿರುಗಿಸುವುದು. ಖುಷಿಗೆ ಕೈ ಓಡುತ್ತದೆ, ಕೀರ್ತನೆ ಜಾತ್ರೆಯ ಕುದುರೆಯಾಗುತ್ತದೆ. ಎರಡನೇ ತಪ್ಪು, ಹೆದರಿ ತೀರಾ ನಿಧಾನ ಮಾಡುವುದು, ಆಗ ತಿದಿಯಲ್ಲಿ ಗಾಳಿ ಸಾಲದೆ ಸ್ವರ ಜಾರಿ ಕೊಳವೆಗಳು ನರಳುತ್ತವೆ. ಹಿಡಿಕೆ ಮೇಲೆ ಬರುವಾಗ ಭಾರ, ಕೆಳಗೆ ಹೋಗುವಾಗ ಹಗುರ ಅನ್ನಿಸುತ್ತದೆ, ಹಾಗಾಗಿ ತಿಳಿಯದೆ ಪ್ರತಿ ಸುತ್ತಿನಲ್ಲೂ ತಾಳ ಕುಂಟುತ್ತದೆ. ಇದಕ್ಕೆ ನಾನು ಕಂಡುಕೊಂಡ ಉಪಾಯ, ಮನಸ್ಸಿನಲ್ಲೇ ಆದಿತಾಳ ಎಣಿಸುವುದು. ಸಣ್ಣವರಿದ್ದಾಗ ರುಬ್ಬುವ ಕಲ್ಲು ತಿರುಗಿಸಿದವರಿಗೆ ಎಣಿಕೆಯೇ ಬೇಡ, ಅವರ ತೋಳಿಗೆ ಈ ಲಯ ಗೊತ್ತು. ನಮ್ಮಮ್ಮ ಮೊದಲ ಸಲಕ್ಕೇ ನನಗಿಂತ ಚೆನ್ನಾಗಿ ತಿರುಗಿಸಿದರು.

ಚರಣ ಮುಗಿದ ಕಡೆ ಒಂದು ಉಸಿರಿನಷ್ಟು ನಿಲ್ಲಿಸಿ. ಹಾಡುವ ಜನಕ್ಕೆ ಉಸಿರು ಬೇಕು ಅನ್ನುವುದು ಪೆಟ್ಟಿಗೆಗೆ ಗೊತ್ತಿಲ್ಲ, ನಿಮಗೆ ಗೊತ್ತಿರಬೇಕು. ಹಿಂದಿನ ಕಾಲದಲ್ಲಿ ಈ ಕೆಲಸ ಊರ ಚರ್ಚ್‌ನ ಗುಮಾಸ್ತನದು. ತಿರುಗಿಸುವವನಿಗೆ ಸಂಗೀತ ಬರಬೇಕಾಗಿಲ್ಲ ಅಂತ ಮಾರುವವರು ಹೇಳುತ್ತಿದ್ದರಂತೆ. ಹತ್ತು ನಿಮಿಷ ತಿರುಗಿಸಿ ನೋಡಿ, ಸುಳ್ಳು ಅಂತ ಗೊತ್ತಾಗುತ್ತದೆ.

ಹಳ್ಳಿಗಳಲ್ಲಿ ಹೇಳುವ ಒಂದು ಕಥೆ ನಿಮಗೂ ಯಾರಾದರೂ ಹೇಳುತ್ತಾರೆ. ತಾನಾಗಿ ಓಡುವ ಯಂತ್ರವಿದ್ದ ಒಂದು ಆರ್ಗನ್ ಆರಾಧನೆಯ ಮಧ್ಯೆ ನಿಲ್ಲಲೇ ಇಲ್ಲವಂತೆ, ನಾಲ್ಕು ಜನ ಹೊತ್ತು ಅಂಗಳಕ್ಕೆ ಹಾಕಿ ಬಂದರಂತೆ, ಅದು ಸಮಾಧಿಗಳ ನಡುವೆ ಒಂದೇ ಸಮ ಹಾಡುತ್ತಿತ್ತಂತೆ. ಇನ್ನೊಂದು ಊರಿನಲ್ಲಿ ತಪ್ಪಿ ಹೆಂಡದಂಗಡಿ ಕುಣಿತದ ಉರುಳೆ ಹಾಕಿಬಿಟ್ಟರಂತೆ. ಎಲ್ಲ ಊರಿನವರೂ ಇದು ಪಕ್ಕದ ಊರಿನಲ್ಲಿ ಆದದ್ದು ಅನ್ನುತ್ತಾರೆ. ನಗುತ್ತ ಕೇಳಿಸಿಕೊಳ್ಳಿ.

ಕಿವಿ ಎಲ್ಲಿಡಬೇಕು

ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ. ಫೋನನ್ನು ಆರ್ಗನ್ ಪಕ್ಕ ಇಡಬೇಡಿ, ಕೀಲಿಗಳ ಟಕಟಕವೇ ಜಾಸ್ತಿ ಬರುತ್ತದೆ. ಕೆಳಗೆ, ಚರ್ಚ್‌ನ ನಡುವಿನ ಆಸನದ ಮೇಲೆ ಇಡಿ. ಪ್ರತಿ ಧಾಟಿಗೂ ಮೊದಲು ಊರಿನ ಹೆಸರು, ಉರುಳೆಯ ಸಂಖ್ಯೆ, ಧಾಟಿಯ ಸಂಖ್ಯೆಯನ್ನು ಬಾಯಲ್ಲೇ ಹೇಳಿ. ಆರು ತಿಂಗಳಾದ ಮೇಲೆ ಇದು ಯಾವುದು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಎರಡು ಊರುಗಳಿಗೆ ಹೋಗುವ ಮನಸ್ಸಿದ್ದರೆ ಎರಡೂ ಕಡೆ ಒಂದೇ ಧಾಟಿ ಕೇಳಿ. ಓಲ್ಡ್ ಹಂಡ್ರೆಡ್ತ್ ಹೆಚ್ಚು ಕಡೆ ಸಿಗುತ್ತದೆ. ಒಬ್ಬ ಮೊಳೆಗಾರ ನೇರವಾಗಿ ಹೊಡೆದಿರುತ್ತಾನೆ, ಇನ್ನೊಬ್ಬ ಪ್ರತಿ ಸಾಲಿನ ಕೊನೆಗೂ ಸ್ವರ ನಡುಗಿಸಿರುತ್ತಾನೆ, ಎರಡು ದೂರದ ಸ್ವರಗಳ ನಡುವೆ ಮೆಟ್ಟಿಲು ಹಾಕಿರುತ್ತಾನೆ. ಅಚ್ಚಾದ ಸ್ವರಲಿಪಿಯಲ್ಲಿ ಇದ್ಯಾವುದೂ ಇರುವುದಿಲ್ಲ. ನಮ್ಮಲ್ಲಿ ಪುಸ್ತಕದ ಕೃತಿಗೂ ಪಾಠಾಂತರಕ್ಕೂ ಇರುವ ವ್ಯತ್ಯಾಸ ಇದೇ ತಾನೆ? ಧ್ವನಿಮುದ್ರಣ ಹುಟ್ಟುವುದಕ್ಕೆ ಐವತ್ತು ಅರವತ್ತು ವರ್ಷ ಮುಂಚೆ ಜನ ಹೇಗೆ ನುಡಿಸುತ್ತಿದ್ದರು ಅನ್ನುವುದಕ್ಕೆ ಇಂಥ ಉರುಳೆಗಳು ನೇರ ಸಾಕ್ಷಿ. ಸಂಗೀತದ ಇತಿಹಾಸ ಬರೆಯುವವರು ಇವನ್ನು ಹುಡುಕಿಕೊಂಡು ಬರುವುದು ಅದಕ್ಕೇ. ವೇಗ ಮಾತ್ರ ಸಾಕ್ಷಿಯಲ್ಲ, ಅದು ತಿರುಗಿಸುವವನ ಕೈಯಲ್ಲಿದೆ.

ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ಇನ್ನೊಂದು. 1850ರ ಆಸುಪಾಸಿನವರೆಗೂ ಇಂಗ್ಲೆಂಡಿನ ಆರ್ಗನ್‌ಗಳ ಶ್ರುತಿ ಇವತ್ತಿನ ಪಿಯಾನೋ ಥರ ಇರಲಿಲ್ಲ. ಗಾಂಧಾರವನ್ನು ಶುದ್ಧವಾಗಿ ಕೂರಿಸಿ ಉಳಿದದ್ದನ್ನು ಹೊಂದಿಸಿಕೊಳ್ಳುವ ಪದ್ಧತಿ. ಬ್ಯಾರಲ್ ಆರ್ಗನ್‌ಗೆ ಹೇಗಿದ್ದರೂ ಮೂರು ನಾಲ್ಕು ಶ್ರುತಿಗಳಲ್ಲಿ ಹಾಡಿದರೆ ಸಾಕಿತ್ತು, ಎಷ್ಟೋ ಸ್ವರಗಳಿಗೆ ಕೀಲಿಯನ್ನೇ ಇಡುತ್ತಿರಲಿಲ್ಲ. ದುರಸ್ತಿ ಮಾಡಿದವರು ಆ ಹಳೇ ಶ್ರುತಿ ಉಳಿಸಿದ್ದರೆ, ಸ-ಗ-ಪ ಒಟ್ಟಿಗೆ ಮೊಳಗಿದಾಗ ತಂಬೂರಿಯ ಮಂದ್ರದ ತಂತಿಯಲ್ಲಿ ತಾನಾಗಿ ಕೇಳುವ ಗಾಂಧಾರ ಇದೆಯಲ್ಲ, ಅದೇ ಕೇಳುತ್ತದೆ. ಸಫೋಕ್‌ನ ಹೊಲಗಳ ನಡುವೆ ಅದನ್ನು ಕೇಳುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ.

ಲಂಡನ್ ಬಿಟ್ಟು ಹೋಗಲು ಆಗದಿದ್ದರೆ

ಬ್ರೆಂಟ್‌ಫರ್ಡ್‌ನಲ್ಲಿ ಮ್ಯೂಸಿಕಲ್ ಮ್ಯೂಸಿಯಂ ಅಂತ ಇದೆ, ತಾನಾಗಿ ನುಡಿಯುವ ವಾದ್ಯಗಳದ್ದೇ. ಯಂತ್ರದ ಒಳಗು ಅರ್ಥ ಮಾಡಿಕೊಳ್ಳಲು ಒಳ್ಳೆಯ ಜಾಗ. ಮಕ್ಕಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ.

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರ ಬಳಿ ನಮ್ಮ ಊರಿನದೇ ಒಂದು ಹಿಡಿಕೆ ಆರ್ಗನ್ ಇದೆ: ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾಗಿ ಹೋದದ್ದು. ಹುಲಿ ಬಿಳಿಯನ ಮೇಲೆ ಬಿದ್ದಿರುವುದನ್ನಷ್ಟೇ ಜನ ನೋಡುತ್ತಾರೆ. ಹುಲಿಯ ಪಕ್ಕೆಯ ಬಾಗಿಲೊಳಗೆ 18 ಗುಂಡಿಗಳ ಪುಟ್ಟ ಆರ್ಗನ್ ಇದೆ. ಹಿಡಿಕೆ ತಿರುಗಿಸಿದರೆ ತಿದಿಗಳು ಊದಿ ಮನುಷ್ಯ ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಇದರಲ್ಲಿ ಮೊಳೆಯ ಉರುಳೆ ಇಲ್ಲ, ಹಾಡು ಬೇಕಾದರೆ ಬೆರಳಲ್ಲೇ ನುಡಿಸಬೇಕು. ಲಂಡನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮನೆಯಲ್ಲಿಟ್ಟಾಗ ಬಂದವರೆಲ್ಲ ಹಿಡಿಕೆ ತಿರುಗಿಸಿ ತಿರುಗಿಸಿ, ಅಲ್ಲೇ ಓದಲು ಕೂರುತ್ತಿದ್ದವರು ಈ ಗಲಾಟೆ ತಡೆಯಲಾಗದು ಅಂತ ದೂರಿದ್ದರು. ಕೊನೆಗೆ ಹಿಡಿಕೆಯೇ ಕಳೆದುಹೋಯಿತು. ಹೋಗುವ ಮುಂಚೆ ಈಗ ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಮ್ಯೂಸಿಯಂ ಪುಟದಲ್ಲಿ ನೋಡಿಕೊಳ್ಳಿ.

ಐಟಿಯವರಿಗೆ ಒಂದು ಮಾತು. ಬೀದಿ ಆರ್ಗನ್ ಸದ್ದಿಗೆ ಕಂಪ್ಯೂಟರ್ ಪಿತಾಮಹ ಅನ್ನಿಸಿಕೊಂಡ ಚಾರ್ಲ್ಸ್ ಬಾಬೇಜ್ ರೋಸಿಹೋಗಿ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ. ಆದರೆ ಆತನ ಅನಲಿಟಿಕಲ್ ಎಂಜಿನ್ ಎಂಬ ಲೆಕ್ಕದ ಯಂತ್ರದ ನಕ್ಷೆಯಲ್ಲಿ ಒಳಗಿನ ಹೆಜ್ಜೆಗಳನ್ನು ನಡೆಸುವುದು ಮೊಳೆ ಇರುವ ಉರುಳೆಗಳೇ, ಹೆಸರೂ ಬ್ಯಾರಲ್ಲೇ. ಶತ್ರುವಿನ ಮನೆಯ ಸಾಮಾನು ಅಲ್ವಾ?

ಹೊರಡುವ ಮುಂಚೆ

ಸ್ಟಾಪ್ ಗುಂಡಿಗಳನ್ನು ಒಳಗೆ ತಳ್ಳಿ. ಬಾಗಿಲು ಮುಚ್ಚಿ. ಕಾಣಿಕೆ ಡಬ್ಬಿಗೆ ಏನಾದರೂ ಹಾಕಿ, ನೋಟಿಲ್ಲದಿದ್ದರೆ ಈಗ ಕಾರ್ಡ್ ತಾಗಿಸುವ ಯಂತ್ರವನ್ನೂ ಕೆಲವು ಕಡೆ ಇಟ್ಟಿದ್ದಾರೆ. ಚಳಿಗೆ ಹೀಟರ್ ಹಾಕಿದರೆ ಮರ ಒಣಗಿ ಸೀಳುತ್ತದೆ, ಹಾಕದಿದ್ದರೆ ತೇವಕ್ಕೆ ಹುಳು ಬೀಳುತ್ತದೆ, ಚರ್ಮದ ತಿದಿ ತೂತಾಗುತ್ತದೆ. ರಿಪೇರಿ ಮಾಡಿಸಬೇಕೆಂದರೂ ಧರ್ಮಪ್ರಾಂತ್ಯದ ಲಿಖಿತ ಅನುಮತಿ ತೆಗೆದುಕೊಳ್ಳಬೇಕು. ಇಪ್ಪತ್ತು ಮೂವತ್ತು ಜನ ಬರುವ ಚರ್ಚ್ ಇಷ್ಟನ್ನೂ ಹೊರುತ್ತದೆ.

ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆಯುವಾಗ ಆರ್ಗನ್ ಕೇಳಲು ಬಂದಿದ್ದೆ ಅಂತಲೂ ಬರೆಯಿರಿ. ಅನುದಾನ ಕೇಳುವಾಗ ಅವರು ಆ ಪುಸ್ತಕ ತೋರಿಸುತ್ತಾರೆ. ಶೆಲ್ಲಂಡ್‌ನಲ್ಲಿ ನಾನು ಕನ್ನಡದಲ್ಲೇ ಬರೆದೆ, ಕೆಳಗೆ ಇಂಗ್ಲಿಷ್ ಅರ್ಥ. ಕೀಲಿ ಕೊಟ್ಟವರ ಮನೆಗೆ ಕೀಲಿಯನ್ನು ವಾಪಸ್ ಕೊಟ್ಟು ಬನ್ನಿ. ಜೇಬಿನಲ್ಲೇ ಇಟ್ಟುಕೊಂಡು ರೈಲು ಹತ್ತಿದವರೊಬ್ಬರನ್ನು ನನಗೆ ಚೆನ್ನಾಗಿ ಗೊತ್ತು, ಮುಂದಿನ ಸ್ಟೇಷನ್‌ನಲ್ಲಿ ಇಳಿದು ಮತ್ತೆ ಟ್ಯಾಕ್ಸಿಗೆ ದುಡ್ಡು ಕೊಟ್ಟವನು ನಾನೇ.